ಬಾಕಿ ಚಿಲ್ಲರೆ

ಮೂವತ್ತೊಂದು ವರ್ಷ ನಿಂತದ್ದು.
ಸ್ಟೇಟ್‌ಬ್ಯಾಂಕಿನಿಂದ ಕಾಟಿಪಳ್ಳ, ಕಾಟಿಪಳ್ಳದಿಂದ ಸ್ಟೇಟ್‌ಬ್ಯಾಂಕ್,
ಒಂದು ಕಾಲು ಫುಟ್‌ಬೋರ್ಡಲ್ಲಿ, ಒಂದು ಗಾಳಿಯಲ್ಲಿ.
ಬಿದ್ದದ್ದಿಲ್ಲ.
ಗಾಯ ಆದದ್ದು ಮನೆಯಲ್ಲಿ, ಸೊಳ್ಳೆ ಕಚ್ಚಿದ್ದನ್ನು ಕೆರೆದು,
ಎಡಗಾಲ ಗಂಟಿನ ಒಳಬದಿಗೆ,
ನಾಲ್ಕಾಣೆಯಷ್ಟು.

ನಾಲ್ಕಾಣೆ ಎಂಟಾಣೆಯಾಯಿತು, ಎಂಟಾಣೆ ರೂಪಾಯಿ,
ಏಳು ವರ್ಷಕ್ಕೆ ಅಂಗೈ.
ಅಳೆಯಲು ನನ್ನಲ್ಲಿ ನಾಣ್ಯ ಮುಗಿಯಿತು.
ಅರಸಿನ ಹಚ್ಚಿದೆ. ಕಲ್ಲುರ್ಟಿಗೆ ಹರಕೆ ಹೇಳಿದೆ,
ಆಕೆಗೆ ಕೇಳಿಸಿರಬೇಕು, ಗಾಯಕ್ಕೆ ಕೇಳಿಸಲಿಲ್ಲ.
ನೊಣ ಮಾತ್ರ ಪಾಸ್ ಇದ್ದವರ ಹಾಗೆ
ಹೇಳದೆ ಕೇಳದೆ ಹತ್ತಿ ಕೂರುತ್ತಿತ್ತು.

ವಾಸನೆಯ ಬಗ್ಗೆ ಹೆಂಡತಿ ಏನೂ ಅಂದವಳಲ್ಲ.
ಊದುಬತ್ತಿ ದಿನಕ್ಕೆ ನಾಲ್ಕು ಹಚ್ಚುತ್ತಿದ್ದಳು,
ದೇವರಿಗೆ ಎಂದು.

ಕಂಕನಾಡಿಯಲ್ಲಿ ಡಾಕ್ಟರು, ರಕ್ತದಿಂದಲೇ ಮದ್ದು, ಎಂದಾಗ ಕೇಳಿದೆ,
ಯಾರದ್ದು?
ನಿಮ್ಮದೇ, ದೂಮಪ್ಪಣ್ಣ.
ನನ್ನದಾದರೆ ಇಷ್ಟು ವರ್ಷ ಅಲ್ಲೇ ಇತ್ತಲ್ಲ,
ಗಾಯದ ಬಾಗಿಲಲ್ಲೇ?
ಇತ್ತು, ಎಂದರು ಅವರು,
ರಶ್ಶಿನಲ್ಲಿ ಇಳಿಯಲಿಕ್ಕೆ ಆಗಲಿಲ್ಲ.

ರಮ್ಲತ್ ಎಂಬ ಹುಡುಗಿ ನಾಲ್ಕು ಟ್ಯೂಬು ತುಂಬಿಸಿಕೊಂಡು
ಯಂತ್ರಕ್ಕಿಟ್ಟು ಮುಚ್ಚಿದಳು.
ನಂತೂರು ಸರ್ಕಲಿನ ಸದ್ದು. ನಾನು ಕುರ್ಚಿಯ ಕೈ ಹಿಡಿದೆ.
ನಿಂತಾಗ ಕೆಂಪು ಕೆಳಗೆ, ನಡುವೆ ನೂಲಿನಷ್ಟು ಬಿಳಿ,
ಮೇಲೆ ಗೇರುಹಣ್ಣಿನ ರಸದ ಬಣ್ಣ.
ಡೆಂಗಿ ಬಂದರೆ ಊರೆಲ್ಲ ಎಣಿಸುವ ಪ್ಲೇಟ್‌ಲೆಟ್ಟು ಇದರಲ್ಲೇ, ಎಂದಳು,
ನಿಮ್ಮಲ್ಲಿ ಬೇಕಾದಷ್ಟಿದೆ.
ಬೇಕಾದಷ್ಟಿದೆ ಎಂದು
ನನಗೆ ಯಾರೂ ಹೇಳಿದ್ದಿಲ್ಲ.

ಸಿಸ್ಟರ್ ಪ್ರೆಸಿಲ್ಲಾ ಕೊಳೆತದ್ದನ್ನು ಕೆರೆದು ತೆಗೆದು
ಹನಿ ಹನಿ ಬಿಟ್ಟರು. ಅದು ಗಾಯದಲ್ಲೇ ಹೆಪ್ಪಾಯಿತು,
ತಾಳೆಬೊಂಡದ ತಿರುಳಿನ ಹಾಗೆ.
ಮೊಣಕಾಲವರೆಗೆ ಬಿಗಿಯಾದ ಬ್ಯಾಂಡೇಜು.

ಟಿಕೆಟಿನ ಹಿಂದೆ ಎಷ್ಟು ಬರೆದಿದ್ದೇನೆ,
ಬಾಕಿ ಎರಡು, ಬಾಕಿ ಮೂರೂವರೆ, ಇಳಿಯುವಾಗ ಕೇಳಿ.
ಎಷ್ಟೋ ಜನ ಕೇಳದೆ ಇಳಿದುಹೋದರು.
ನಾನೂ ಅವರಲ್ಲೊಬ್ಬ ಎಂದು ಗೊತ್ತಿರಲಿಲ್ಲ.

ಪಕ್ಕದ ಹಾಸಿಗೆಯ ಬಾವುಞಿ ಬ್ಯಾರಿಗೂ ಇದನ್ನೇ ಮಾಡಿದರು.
ಅವರ ಸಕ್ಕರೆ ಇಳಿಯಲಿಲ್ಲ. ಎರಡು ಬೆರಳು ಹೋಯಿತು.
ಆದ್ದರಿಂದ ನಾನು ಹೆಚ್ಚು ಮಾತಾಡುವುದಿಲ್ಲ.

ಐದನೆಯ ವಾರ ಅಂಚಿಗೆ ಎಳೆಚರ್ಮ,
ನವಿರಾಗಿ, ನನ್ನದಲ್ಲವೇನೋ ಎಂಬಂತೆ.
ಆಮೇಲೆ ಹತ್ತು ರೂಪಾಯಿ. ಆಮೇಲೆ ಎಂಟಾಣೆ.
ಇವತ್ತು ಪೆಟ್ಟಿಗೆಯಿಂದ ಹಳೆಯ ನಾಲ್ಕಾಣೆ ಹುಡುಕಿ ಇಟ್ಟು ನೋಡಿದೆ,
ಸರಿಯಾಗಿ ಕೂತಿತು.
ಯಾವ ಬಸ್ಸಿನಲ್ಲೂ ನಡೆಯದ ನಾಣ್ಯ ಅದು.

ಬುಧವಾರ ಮತ್ತೆ ಹೋಗಬೇಕು.
ಸೀಟಿದ್ದರೂ ಅಭ್ಯಾಸಕ್ಕೆ ಬಾಗಿಲಲ್ಲೇ ನಿಲ್ಲುತ್ತೇನೆ;
ಹೊಸ ಹುಡುಗ ಸೀಟಿ ಬಾಯಿಂದ ತೆಗೆದು ಗದರುತ್ತಾನೆ,
ಅಣ್ಣ, ಒಳಗೆ ಹೋಗಿ, ಕೂತುಕೊಳ್ಳಿ.