ಕೌಲ್ ಬಜಾರಿನಲ್ಲಿ ಕಾವು

ಕಾವಿಗೆ ಕೂತು ಇನ್ನೂ ಒಪ್ಪತ್ತಾಗಿರಲಿಲ್ಲ,
ಕರಿ ಯಾಟೆಯನ್ನು ಬೆಕ್ಕು ಎಳೆದೊಯ್ದಿತು.
ಬುಟ್ಟಿಯಲ್ಲಿ ಹದಿನಾಲ್ಕು ಜವಾರಿ ತತ್ತಿ.
"ಆಮ್ಲೆಟ್ ಹಾಕು" ಅಂದರು ಇವರು, ಹಲ್ಲುಜ್ಜುತ್ತಾ.

ನಾನು ಮೀನಿನಂಗಡಿಯಿಂದ ಥರ್ಮಾಕೋಲ್ ಡಬ್ಬಿ ತಂದೆ.
ಮೂರು ಸಲ ತೊಳೆದರೂ ಒಂದಿಷ್ಟು ಸಮುದ್ರ
ಮೂಲೆಯಲ್ಲಿ ಉಳಿದೇ ಇತ್ತು.
ನಲವತ್ತರ ಬಲ್ಬು, ಬಟ್ಟಲು ನೀರು,
ಮೈದುನ ಹುಸೇನಪ್ಪ ಕೂಡಿಸಿಕೊಟ್ಟ ಕೆಂಪಂಕಿಯ ಮೀಟರು:
ಮೂವತ್ತೇಳೂವರೆಗೆ ದೀಪ ಆರಬೇಕು,
ಇಳಿದರೆ ಹತ್ತಬೇಕು.

ಬಟ್ಟೆ ಗೀಚುವ ನೀಲಿ ಸೀಮೆಸುಣ್ಣದಲ್ಲಿ
ತತ್ತಿಯ ಒಂದು ಮಗ್ಗುಲಿಗೆ ಗುಣಾಕಾರ, ಇನ್ನೊಂದಕ್ಕೆ ಸೊನ್ನೆ.
ಮುಂಜಾನೆ ಗುಣಾಕಾರ ಮೇಲೆ, ಮಧ್ಯಾಹ್ನ ಸೊನ್ನೆ,
ರಾತ್ರಿ ಮಲಗುವ ಮುಂಚೆ ಮತ್ತೆ ಗುಣಾಕಾರ.
ಕೋಳಿ ಇದನ್ನೆಲ್ಲ ಬರೆದಿಟ್ಟುಕೊಂಡಿರಲಿಲ್ಲ.

ಏಪ್ರಿಲ್ ತಿಂಗಳು. ಬಳ್ಳಾರಿ.
ಬಲ್ಬು ಹತ್ತಿದ್ದೇ ಕಡಿಮೆ.
ತಗಡಿನ ಕೆಳಗೆ ಮೀಟರು ಮೂವತ್ತೊಂಬತ್ತು ಅಂದರೆ
ಮುಚ್ಚಳ ಸರಿಸಿ, ಜೇಬಿನ ಅಳತೆಯ ರಟ್ಟಿನಿಂದ
ಗಾಳಿ ಹಾಕುತ್ತಾ ಕೂರುವುದು.
ಒದ್ದೆ ಅರಿವೆ ಹೊದಿಸುವುದು, ಒಣಗಿದ ಕೂಡಲೇ ಮತ್ತೆ.
ಬೇರೆ ಊರಿನಲ್ಲಿ ಕಾವು ಕೊಡುತ್ತಾರಂತೆ.
ಇಲ್ಲಿ ಕಾವನ್ನು ಹೊರಗೇ ನಿಲ್ಲಿಸಬೇಕು,
ಬೀದಿಯ ನಾಯಿಯನ್ನು ಹೊಸ್ತಿಲಲ್ಲಿ ತಡೆದಂತೆ.

ಗೋಡೆಯೂ ಕಾಯುತ್ತದೆ, ನಾನೂ ಕಾಯುತ್ತೇನೆ.
ಮಾತು ಒಂದೇ.

ತಂಗಿಯ ಕುಬಸಕ್ಕೆ ಸಿರುಗುಪ್ಪಕ್ಕೆ ಹೋಗಲಿಲ್ಲ.
"ತತ್ತಿ ಹೊರಳಿಸಬೇಕು" ಅಂತ ಫೋನಿನಲ್ಲಿ ಹೇಗೆ ಹೇಳುವುದು?
ಜ್ವರ ಅಂದೆ.
ಪೂರ್ತಿ ಸುಳ್ಳಲ್ಲ: ಮೂವತ್ತೇಳೂವರೆ.

ಏಳನೆಯ ರಾತ್ರಿ ಕರೆಂಟು ಹೋದಾಗ
ಫೋನಿನ ಟಾರ್ಚಿಗೆ ಒಂದೊಂದೇ ತತ್ತಿ ಹಿಡಿದೆ.
ಇವರೂ ಎದ್ದು ಬಂದರು, ನೋಡದವರ ಹಾಗೆ ನೋಡಿದರು.
ಒಳಗೆ ಕೆಂಪು ನೂಲು.
ಇಪ್ಪತ್ತು ವರ್ಷ ಜೀನ್ಸಿನ ಜೇಬು ಹೊಲಿದಿದ್ದೇನೆ,
ಅಷ್ಟು ಸಣ್ಣ ಎಳೆ ಯಾವ ಉಂಡೆಯಲ್ಲೂ ಕಂಡಿಲ್ಲ.
ನಡುವೆ ಒಂದು ಚುಕ್ಕಿ,
ಸದ್ದಿಲ್ಲದೆ ಹೊಲಿಗೆ ಹಾಕುತ್ತಲೇ ಇತ್ತು.
ಮೂರು ತತ್ತಿ ಬರಿದು. ಇವರೇ ತೆಗೆದು ಬದಿಗಿಟ್ಟರು.
ಬೆಳಿಗ್ಗೆ ಆಮ್ಲೆಟ್ ಕೇಳಲಿಲ್ಲ.

ಹದಿನೆಂಟು ದಾಟಿದ ಮೇಲೆ ಹೊರಳಿಸಬಾರದು.
ಮಧ್ಯಾಹ್ನವಾದರೆ ಕೈ ತಾನೇ ಎದ್ದು
ಡಬ್ಬಿಯತನಕ ಹೋಗಿ ಬರುತ್ತಿತ್ತು.

ಇಪ್ಪತ್ತೊಂದರ ನಸುಕಿಗೆ
ಗುಣಾಕಾರದ ಒಂದು ಕಾಲಿನ ಬಳಿ ಚಿಪ್ಪು ಸೀಳಿತು.
"ಮುಚ್ಚಳಾ ಮುಟ್ಟಬ್ಯಾಡ" ಅಂದಳು ಪಕ್ಕದ ಮೌಲಾಬಿ,
"ಹೆರಿಗಿ ಮನಿ ಬಾಗಲಾ ಘಳಿಗಿಗೊಮ್ಮೆ ತೆಗಿತಾರೇನವ್ವಾ?"
ಹನ್ನೊಂದು ತಾಸು ಹೊಲಿದೆ.
ಐವತ್ತೆರಡು ಜೇಬು, ಅದರಲ್ಲಿ ಮೂರು ಸೊಟ್ಟ.

ಒಂಬತ್ತು ಹೊರಬಂದವು,
ಒದ್ದೆಯಾಗಿ, ಯಾರದೋ ಮೇಲೆ ಸಿಟ್ಟು ಮಾಡಿಕೊಂಡು.
ಹತ್ತನೆಯದು ಅರ್ಧ ಕೊರೆದು ನಿಂತಿತು.
ಉಗುರಿನಿಂದ ಬಿಡಿಸಿದೆ.
ಬಿಡಿಸಬಾರದಿತ್ತು.
ಹನ್ನೊಂದನೆಯದು ಇನ್ನೂ ಡಬ್ಬಿಯಲ್ಲಿದೆ, ಗುಣಾಕಾರ ಮೇಲಾಗಿ.

ಸಂಜೆ ನುಚ್ಚು ಚೆಲ್ಲಿ, ಯಾಟೆಯ ಹಾಗೆ
ನಾಲಿಗೆ ಲೊಟಗುಟ್ಟಿಸಿ ಕರೆದೆ.
ಒಂದೂ ತಿರುಗಲಿಲ್ಲ.
ನಾಚಿಕೆಯಾಗಿ ಮಷೀನಿಗೆ ಕೂತು
ಪೆಡಲು ಒತ್ತಿದ್ದೇ ತಡ,
ಒಂಬತ್ತೂ ಒಂದರ ಮೇಲೊಂದು ಬಿದ್ದು ಓಡಿ ಬಂದು
ಮೋಟರಿನ ಕೆಳಗೆ, ದಾರದ ಚೂರುಗಳಲ್ಲಿ
ಕಣ್ಣು ಮುಚ್ಚಿದವು.
ಮೂರು ವಾರ ಚಿಪ್ಪಿನೊಳಗೆ
ಅವು ಕೇಳಿದ್ದು ಅದನ್ನೇ.

ಈಗ ರಾತ್ರಿ ಪಾಳಿಯಲ್ಲಿ ಕರೆಂಟು ಹೋದರೆ
ಮನೆ ತುಂಬ ಚಿಂವ್‌ಗುಡುತ್ತವೆ.
ಇವರು ಕತ್ತಲಲ್ಲೇ ಎದ್ದು ಹೋಗಿ
ಮಷೀನಿನ ಚಕ್ರವನ್ನು ಕೈಯಿಂದ ತಿರುಗಿಸುತ್ತಾ ಕೂರುತ್ತಾರೆ,
ಸೂಜಿಯ ಕೆಳಗೆ ಬಟ್ಟೆ ಇಲ್ಲದೆ.