ಮಿಕ್ಕ ನಟ್ಟು

ಮೊದಲು ಅದೊಂದು ಕಬ್ಬಿಣದ ಮಂಚ.
ಅಜ್ಜಿ ಹೋದ ಮೇಲೆ ಯಾರೂ ಮಲಗದೆ
ಹಿತ್ತಲ ಗೋಡೆಗೆ ಒರಗಿ ನಿಂತಿತ್ತು,
ಅಮ್ಮ ಅದಕ್ಕೆ ಹಾಗಲಬಳ್ಳಿ ಹಬ್ಬಿಸಿದ್ದಳು.
ಒಂದು ಭಾನುವಾರ ಅಪ್ಪ ಬೀಡಿ ಮುಗಿಯುವವರೆಗೂ ಅದನ್ನೇ ನೋಡಿ
‘ಅಮ್ಮಣ್ಣೀ, ಇದಕ್ಕೆ ಚಕ್ರ ಹಾಕಿದರೆ?’ ಅಂದ.
ನನಗಾಗ ಹನ್ನೊಂದು.
ಬೇಡ ಅನ್ನುವ ವಯಸ್ಸಲ್ಲ.

ಮುಂದಿನ ಚಕ್ರ ಗುಜರಿಯ ಲೂನಾದವು,
ಹಿಂದಿನವು ಲಗೇಜ್ ಆಟೋದವು.
ಇಂಜಿನ್ನು ಚೇಳೂರಿನ ಹಾಲಿನವನ ಚೇತಕ್ಕಿನದು,
ಮೂರು ವರ್ಷ ಅದರ ಡಿಕ್ಕಿಯಲ್ಲಿ ಕೋಳಿ ಮೊಟ್ಟೆಯಿಟ್ಟಿತ್ತಂತೆ.
ಸ್ಟೇರಿಂಗು, ಅಪ್ಪ ದುಡಿಯುವ ಟ್ವಿಸ್ಟಿಂಗ್ ಫ್ಯಾಕ್ಟರಿಯ ಸವೆದ ಗಾಲಿ.
ಸೀಟು, ಶಾಮಿಯಾನದವರು ಬಿಸಾಕಿದ ಕುರ್ಚಿಗಳ ಕಾಲು ಕೊಯ್ದದ್ದು,
ಒಂದು ಕೆಂಪು, ಒಂದು ನೀಲಿ.
ಬಳ್ಳಿ ಕಿತ್ತದ್ದಕ್ಕೆ ಅಮ್ಮ ಎಂಟು ದಿನ ಮಾತಾಡಲಿಲ್ಲ.
ಬೆಸುಗೆಗೆ ಚಾಂದ್‌ಪಾಷಾ ದುಡ್ಡು ಕೇಳಲಿಲ್ಲ,
‘ಮೊದಲ ರೌಂಡು ನನಗೆ’ ಅಂದ.
ಮೊದಲ ರೌಂಡಿನಲ್ಲೇ ಹಿಪ್ಪುನೇರಳೆ ತೋಟದ ಬದುವಿಗೆ ಗುದ್ದಿ
ನಗುತ್ತಾ ಎದ್ದು ಬಂದ,
ಹಲ್ಲ ತುಂಬ ಮಣ್ಣು.

ನನ್ನ ಕೆಲಸ ಕೊಡುವುದು.
ಅಪ್ಪ ಗೋಣಿತಾಟಿನ ಮೇಲೆ ಅಂಗಾತ, ಗಾಡಿಯ ಕೆಳಗೆ;
ಹೊರಗೆ ಕಾಣುವುದು ಎರಡು ಪಾದ, ಒಂದು ಅಂಗೈ.
‘ಹನ್ನೆರಡು.’ ಇಟ್ಟೆ.
‘ಹದಿನಾಲ್ಕು.’ ಇಟ್ಟೆ.
‘ಸುತ್ತಿಗೆ.’ ಇಟ್ಟೆ.
ಆಮೇಲೊಂದು ಬೈಗುಳ.
ಅದು ನನಗಲ್ಲ, ಬೋಲ್ಟಿಗೆ.

ರಿವರ್ಸ್ ಗೇರಿಲ್ಲ. ಚೇತಕ್ಕಿಗೆ ಎಲ್ಲಿಂದ ಬರಬೇಕು?
ಗಲ್ಲಿಯಲ್ಲಿ ಎದುರಿಗೆ ಎಮ್ಮೆ ಬಂದರೆ
ನಾನಿಳಿದು ಮೂತಿಗೆ ಕೈಯಿಟ್ಟು ಹಿಂದಕ್ಕೆ ತಳ್ಳಬೇಕು.
ಅಪ್ಪ ಲಾರಿ ಡ್ರೈವರಿನ ಗತ್ತಿನಲ್ಲಿ ಕತ್ತು ಹೊರಳಿಸಿ
‘ಹಾ, ಬರಲಿ, ಬರಲಿ’ ಅನ್ನುತ್ತಾನೆ.
ಶಿಡ್ಲಘಟ್ಟದ ಬಸ್‌ಸ್ಟ್ಯಾಂಡಿನ ಹತ್ತಿರ ಒಮ್ಮೆ
ಪೊಲೀಸಿನವರು ತಡೆದು ‘ಆರ್‌ಸಿ ಎಲ್ಲಯ್ಯ?’ ಅಂದರು.
‘ಇದು ಮಂಚ ಸಾರ್.’
ಸುಳ್ಳೇನಲ್ಲ.

ಇಪ್ಪತ್ತೆರಡು ವರ್ಷ ಆ ಮಿಷಿನ್ನುಗಳ ನಡುವೆ ನಿಂತವನಿಗೆ
ಸದ್ದು ಒಂದೊಂದೇ ಕಳಚಿಬಿತ್ತು.
ಮೊದಲು ಗುಬ್ಬಿ.
ಆಮೇಲೆ ಕುಕ್ಕರಿನ ಸೀಟಿ.
ಆಮೇಲೆ ಅಮ್ಮ. ‘ಅದೊಂದು ಲಾಭ’ ಅನ್ನುತ್ತಾನೆ,
ಅವಳು ಅತ್ತ ಹೋದಾಗ.
ಇಂಜಿನ್ನನ್ನು ಮಾತ್ರ ಬಿಟ್ಟುಕೊಡಲಿಲ್ಲ.
ಸ್ಕ್ರೂಡ್ರೈವರಿನ ತುದಿಯನ್ನು ಅದರ ತಲೆಗಿಟ್ಟು
ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿ ಕೇಳುತ್ತಾನೆ.
ನಾನು ಪಕ್ಕದಲ್ಲಿ ಕೂತು
ಅವನ ಮಂಡಿಯ ಮೇಲೆ ಬೆರಳಾಡಿಸುತ್ತೇನೆ:
ಟಕಟಕಟಕ, ಟಕ, ಇಲ್ಲೊಂದು ತಪ್ಪಿತು, ಟಕಟಕ.
ಕಣ್ಣುಮುಚ್ಚಿ ಕಾರ್ಬೊರೇಟರಿನ ಸ್ಕ್ರೂವನ್ನು ಕಾಲು ಸುತ್ತು ತಿರುಗಿಸುತ್ತಾನೆ.
ಹೊಂದಿತಾ ಅನ್ನುವ ಹಾಗೆ ಹುಬ್ಬೇರಿಸುತ್ತಾನೆ.
ಇನ್ನೂ ಕೂದಲೆಳೆಯಷ್ಟು, ಅನ್ನುತ್ತವೆ ನನ್ನ ಬೆರಳು.

ಈಗ ಗೋಣಿತಾಟು ನನ್ನದು.
ಕೆಳಗಿನಿಂದ ‘ಹದಿಮೂರು’ ಅಂತ ಕೂಗಿ ದಂಡ.
ಸುಮ್ಮನೆ ಅಂಗೈ ಚಾಚುತ್ತೇನೆ,
ಹದಿಮೂರೇ ಬಂದು ಕೂರುತ್ತದೆ.
ಕೆಲವೊಮ್ಮೆ ಸುಲಿದ ಕಡಲೆಕಾಯಿ.

ಬಿಚ್ಚಿ ಜೋಡಿಸಿದಾಗಲೆಲ್ಲ ಏನಾದರೊಂದು ಮಿಗುತ್ತದೆ.
ಒಂದು ನಟ್ಟು, ಒಂದು ವಾಷರು, ಯಾವುದೋ ಸಣ್ಣ ಸ್ಪ್ರಿಂಗು.
ಎಲ್ಲಿಯದೋ ಇಬ್ಬರಿಗೂ ತಿಳಿಯದು.
ಗಾಡಿಯಂತೂ ಓಡುತ್ತದೆ,
ಒಣಗಿದ ಕೆರೆಯಂಗಳದ ಜಾಲಿಗಿಡಗಳ ಸಂದಿಯಲ್ಲಿ
ಧೂಳೆಬ್ಬಿಸಿಕೊಂಡು.
ಮಿಕ್ಕದ್ದನ್ನು ಅಪ್ಪ ಹಾರ್ಲಿಕ್ಸ್ ಬಾಟಲಿಗೆ ಹಾಕಿ
ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾನೆ,
ಕೇಳಿಸಿದವನ ಹಾಗೆ ನಗುತ್ತಾನೆ.
ಮುಕ್ಕಾಲು ಬಾಟಲಿ ತುಂಬಿದೆ.

ಈ ಭಾನುವಾರ ಕ್ಲಚ್ ಪ್ಲೇಟು ಬದಲಾಯಿಸಿದೆವು.
ಕತ್ತಲಾಗುವ ಹೊತ್ತು,
ರೀಲಿಂಗ್ ಮನೆಗಳ ಬೆಂದ ಗೂಡಿನ ವಾಸನೆ ಬೀದಿಗಿಳಿಯುತ್ತಿತ್ತು.
ಗೋಣಿತಾಟು ಕೊಡವಿದೆ. ತಟ್ಟೆ ನೋಡಿದೆ. ಜೇಬು ತಡವಿದೆ.
ಏನೂ ಮಿಕ್ಕಿಲ್ಲ.
ಅಪ್ಪ ಬಾಟಲಿಯ ಮುಚ್ಚಳ ತೆಗೆದು ಕಾಯುತ್ತಿದ್ದ.
ನಾನು ಬರಿಗೈ ತೋರಿಸಿದೆ.
ಅವನ ಮುಖ ಸಣ್ಣಗಾಯಿತು, ನನ್ನ ಎದೆ ಹೊಡೆದುಕೊಂಡಿತು.
ಎಲ್ಲೋ ಏನೋ ತಪ್ಪಾಗಿದೆ.
ಟಾರ್ಚು ತಂದು ಇಬ್ಬರೂ
ಮತ್ತೆ ಮೊದಲಿನಿಂದ ಬಿಚ್ಚತೊಡಗಿದೆವು.