ಒಂದು ಗುಳಿ ಕಮ್ಮಿ

ಕಲಾಸಿಪಾಳ್ಯದ ಸೊಪ್ಪಿನ ಮುನಿಚೌಡಮ್ಮನ ಮಗಳು ನಾನು.
ಆಟೋದವರು ನನ್ನ ಬಣ್ಣ ನೋಡಿ ಇಂಗ್ಲಿಷಿನಲ್ಲಿ ಕರೆಯುತ್ತಾರೆ,
ಮ್ಯಾಡಮ್, ಪ್ಯಾಲೆಸ್? ಲಾಲ್‌ಬಾಗ್? ಫೈವ್ ಹಂಡ್ರೆಡ್.
ಮೀಟರ್ ಹಾಕಣ್ಣ, ನಿಮ್ದು ಯಾವೂರು, ಅಂದರೆ
ಗಾಡಿಯೇ ಬೆಚ್ಚಿ ಆಫ್ ಆಗುತ್ತದೆ.

ಒಂಬತ್ತು ವರ್ಷಕ್ಕೆ ಮೊದಲ ಸಲ ಕಣ್ಣಾಸ್ಪತ್ರೆ.
ಬೆಂಚಿನ ಮೇಲೆ ಎರಡು ಗಂಟೆ.
ಮುಂದಿದ್ದವರೆಲ್ಲ ಒಬ್ಬೊಬ್ಬರಾಗಿ ಒಪ್ಪಿಸುತ್ತಿದ್ದರು,
ರ, ಗ ಟ, ಪ ಸ ಲ...
ನನ್ನ ಸರದಿ ಬರುವ ಹೊತ್ತಿಗೆ ಪೂರಾ ಬಾಯಿಪಾಠ.
ಕೊನೆಯ ಸಾಲಿನವರೆಗೂ ತಡವರಿಸದೆ ಹೇಳಿದೆ.
ಅಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡಳು,
ನೋಡಿ, ಕಾಣ್ತದೆ ಇವಳಿಗೆ, ಮೇಷ್ಟ್ರು ಸುಮ್ಮನೆ ಅಂದಿದ್ದು.
ಡಾಕ್ಟರಮ್ಮ, ಕುಮುದಿನಿ ಅಂತ, ಎದ್ದು ಹೋಗಿ
ಬೋರ್ಡು ತಿರುಗಿಸಿದರು.
ಈಗ ಹೇಳು ಪುಟ್ಟಿ.

ಗೋಡೆಯ ಮೇಲೊಂದು ಬೆಳಕಿನ ಚೌಕ. ಅಷ್ಟೇ.
ಅದಕ್ಕೆ ಇರುವೆ ಮುತ್ತಿದ್ದರೂ ನನಗೆ ತಿಳಿಯುತ್ತಿರಲಿಲ್ಲ.

ಕಣ್ಣಿನ ಹಿಂಗೋಡೆಯಲ್ಲಿ ಒಂದು ಚಿಕ್ಕ ಗುಳಿ ಇರಬೇಕಮ್ಮ,
ನೋಟ ಬಂದು ಕೂರುವ ಜಾಗ.
ಇವಳಿಗೆ ಹುಟ್ಟಿನಿಂದಲೇ ಅದು ಸರಿಯಾಗಿ ಮೂಡಿಲ್ಲ.
ಅಮ್ಮನಿಗೆ ಅರ್ಥವಾಗಲಿಲ್ಲ. ಅಜ್ಜಿ ಪಿಳ್ಳಮ್ಮನಿಗೆ ಆಯಿತು:
ಅಳಗುಳಿ ಮಣೆಯಾಗೆ ಒಂದು ಗುಳಿ ಕೊರೆಯೋದು ಬಿಟ್ಟವ್ನೆ.
ಬೀಜ ಎಲ್ಲಿ ನಿಂತ್ಕತ್ತದೆ,
ಉರುಳ್ತಾ ಇರ್ತದೆ ಪಾಪ.

ಈಗ ಕೊರೆಯೋಕಾಗಲ್ವಾ?
ಆಗಲ್ಲ.
ಕನ್ನಡಕ?
ಕೊಡ್ತೀನಿ. ಒಂಚೂರು ಹತ್ತಿರ ತರ್ತದೆ, ಪೂರ್ತಿ ಅಲ್ಲ.
ಬಿಸಿಲಿಗೆ ಟೋಪಿ, ಕಪ್ಪು ಗಾಜು, ಶಾಲೇಲಿ ಮೊದಲ ಬೆಂಚು.
ಆಮೇಲೆ ನನ್ನ ಗಲ್ಲ ಹಿಡಿದು
ಮುಖವನ್ನು ಬಲಕ್ಕೆ, ಎಡಕ್ಕೆ ಮೆಲ್ಲಗೆ ಹೊರಳಿಸಿದರು,
ರೇಡಿಯೋದಲ್ಲಿ ಸ್ಟೇಷನ್ ಹುಡುಕುವ ಹಾಗೆ,
ಎಡಕ್ಕೆ ಒಂದಿಷ್ಟು ಸರಿದಾಗ ನಿಲ್ಲಿಸಿ,
ಇಲ್ಲಿ. ಇಲ್ಲಿ ನಿನ್ನ ಕಣ್ಣು ಸುಮ್ಮನಿರುತ್ತೆ.
ಇದನ್ನ ಯಾರಿಗೂ ನೆಟ್ಟಗೆ ಮಾಡೋಕೆ ಬಿಡಬೇಡ.

ಅಲ್ಲಿವರೆಗೆ ಎಲ್ಲರೂ ಮಾಡಿದ್ದು ಅದೊಂದೇ ಕೆಲಸ,
ಮೇಷ್ಟ್ರು ಅಡಿಕೋಲಿನಲ್ಲಿ,
ಸ್ಟುಡಿಯೋದವನು ಎರಡು ಬೆರಳಿನಲ್ಲಿ,
ಮದುವೆಮನೆಯ ಹೆಂಗಸರು
ಎಷ್ಟೇ ಧಿಮಾಕು ಇವಳಿಗೆ, ಅನ್ನುವ ಮಾತಿನಲ್ಲಿ.

ಲೋಕ ಅಲುಗುತ್ತಾ ನಿನಗೆ? ಕೇಳುತ್ತಾರೆ.
ಇಲ್ಲ, ನಿಂತೇ ಇದೆ.
ಅಣ್ಣನ ಮಗ ಮೊಬೈಲಿನಲ್ಲಿ ಹಿಡಿದು ತೋರಿಸಿದ ಮೇಲೆಯೇ
ನನ್ನ ಕಣ್ಣು ಹೀಗೆ ತೂಗುತ್ತವೆಂದು ಕಂಡದ್ದು.
ಮೂವತ್ತೊಂದು ವರ್ಷ ಕನ್ನಡಿ ಬಾಯಿಬಿಟ್ಟಿರಲಿಲ್ಲ.
ಅಳಿಸಿಬಿಡೋ, ಅಂದೆ.
ಬೇಡ, ಇರಲಿ, ಅಂದೆ.

ಈ ಊರಿಗೆ ಗಾಜಿನ ಹುಚ್ಚು.
ಮಟಮಟ ಮಧ್ಯಾಹ್ನ ರಿಚ್ಮಂಡ್ ಸರ್ಕಲ್ಲಿನಲ್ಲಿ
ಸೂರ್ಯರು ನಾಲ್ಕು ಜನ.
ಟೋಪಿ ತಗ್ಗಿಸಿ ನಿಲ್ಲುತ್ತೇನೆ,
ಪಕ್ಕದವರ ಚಪ್ಪಲಿ ಹೊರಟರೆ ನಾನೂ ಹೊರಡುತ್ತೇನೆ.
ಮೋಡ ಮುಚ್ಚಿದ ದಿನ ಮಾತ್ರ
ಮರಗಳಿಗೆ ಅಂಚು ಬರುತ್ತದೆ.

ನಿನ್ನೆ ಮೆಜೆಸ್ಟಿಕ್ಕಿನಲ್ಲಿ
ಬೆರಳುದ್ದದ ಟೆಲಿಸ್ಕೋಪು ತೆಗೆದು ಕಣ್ಣಿಗಿಟ್ಟು,
ಮುಖ ಎಡಕ್ಕೆ ಹೊರಳಿಸಿ ಬೋರ್ಡು ಹುಡುಕುತ್ತಿದ್ದೆ.
ಪೊರೆ ಕಟ್ಟಿದ ಕಣ್ಣಿನ ತಾತ ಒಬ್ಬರು, ಬಲಗಡೆ ಕೂತವರು,
ಅಮ್ಮಯ್ಯ, ದೊಡ್ಡ ಕಣ್ಣೇ ತಂದಿದೀಯ,
ಆ ಬಸ್ಸು ಎಷ್ಟನೇ ನಂಬರು ನೋಡು.
ಎರಡು... ಒಂದು...
ಆಮೇಲಿನದು ಸೊನ್ನೆಯೋ ಎಂಟೋ ಅನ್ನುವಷ್ಟರಲ್ಲಿ
ಹೋಗಿಯೇ ಬಿಟ್ಟಿತು.
ಗೊತ್ತಾಗಲಿಲ್ಲ ತಾತ.
ನಂದೇ ಇದ್ದಿರಬೇಕು ಬಿಡು, ಎಂದು ನಕ್ಕು
ಚೀಲ ಎತ್ತಿಕೊಂಡು ನನ್ನ ಎಡಕ್ಕೆ ಬಂದು ಕೂತರು, ಮಾತಿಗೆ.
ಮುಖ ಅವರ ಕಡೆ,
ನೋಟ ಮುಂದಿನ ಬಸ್ಸಿನ ಕಡೆ.